ಕರ್ನಾಟಕ ಯುದ್ಧಗಳ ಖರ್ಚು ಕೊಟ್ಟವರು ಯಾರು?

ಕೋಣಗಳೆರಡು ಹೋರಾಡಿದರೆ ನಡುವಿನ ಗಿಡಕ್ಕೆ ಕೇಡು ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಹದಿನೆಂಟನೆಯ ಶತಮಾನದ ಇಂಗ್ಲಿಷ್-ಫ್ರೆಂಚ್ ಕಾಳಗಗಳ ಮಾತು ಬಂದಾಗಲೆಲ್ಲ ಈ ಗಾದೆಯನ್ನು ಎತ್ತಿಕೊಳ್ಳುವುದು ನಮ್ಮ ಭಾಷಣಕಾರರಿಗೂ ಲೇಖಕರಿಗೂ ರೂಢಿಯಾಗಿಬಿಟ್ಟಿದೆ. ಯೂರೋಪಿನ ಎರಡು ಕೋಣಗಳು ನಮ್ಮ ನೆಲಕ್ಕೆ ಬಂದು ಕೊಂಬು ಹೂಡಿದವು, ಏನೂ ಅರಿಯದ ಗಿಡ ನೆಲಕಚ್ಚಿತು ಎಂದು ಹೇಳಿ ಒಂದು ನಿಟ್ಟುಸಿರು ಬಿಟ್ಟರೆ ಇತಿಹಾಸದ ಋಣ ತೀರಿತೆಂದು ಭಾವಿಸುತ್ತೇವೆ. ಗಾದೆ ಸೊಗಸಾಗಿದೆ, ಸಂದರ್ಭಕ್ಕೆ ಮಾತ್ರ ಹೊಂದುವುದಿಲ್ಲ. ಗಿಡಕ್ಕೆ ಕೋಣಗಳನ್ನು ಕರೆದು ತರುವ ಶಕ್ತಿಯಿಲ್ಲ. ಅವಕ್ಕೆ ಮೇವು ಹಾಕಿ, ಕೊಂಬಿಗೆ ಎಣ್ಣೆ ಸವರಿ, ಪಕ್ಕದ ಗಿಡವನ್ನು ತುಳಿದು ಬನ್ನಿ ಎಂದು ಕಳಿಸುವ ಬುದ್ಧಿಯಂತೂ ಇಲ್ಲವೇ ಇಲ್ಲ. 1746ರಿಂದ 1763ರವರೆಗೆ ದಕ್ಷಿಣದ ದೊರೆಗಳು, ನವಾಬರು, ಸರ್ವಾಧಿಕಾರಿಗಳು ಮಾಡಿದ್ದು ಅದನ್ನೇ. ಮೇವಿನ ಖರ್ಚನ್ನು ಕೊಟ್ಟವನು ಮಾತ್ರ ರೈತ.

ಈ ಯುದ್ಧಗಳಿಗೆ ನಮ್ಮ ನಾಡಿನ ಹೆಸರೇ ಅಂಟಿಕೊಂಡಿದೆ. ‘ಕರ್ನಾಟಕ ಯುದ್ಧಗಳು’ ಎಂದು ಹುಡುಗರು ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಆದರೆ ಹೆಸರಾಂತ ಕದನಗಳು ನಡೆದ ಆರ್ಕಾಟು, ಆಂಬೂರು, ತಿರುಚಿನಾಪಳ್ಳಿ, ವಾಂಡಿವಾಷ್ ಇವೆಲ್ಲವೂ ತಮಿಳು ಸೀಮೆಯ ಊರುಗಳು. ವಿಜಯನಗರದ ಅರಸರ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಿತ್ತು. ಆ ಅರಸುಮನೆತನ ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಿಗೆ ಸರಿದಂತೆ ಹೆಸರೂ ಅದರ ಹಿಂದೆ ಹೋಯಿತು. ಆಮೇಲೆ ಬಂದ ಮುಸಲ್ಮಾನ ಆಡಳಿತಗಾರರು ಘಟ್ಟದ ಮೇಲಿನದನ್ನು ಬಾಲಾಘಾಟ್ ಎಂದೂ ಕೆಳಗಿನದನ್ನು ಪಯಣಘಾಟ್ ಎಂದೂ ಕರೆದರು. ಇಂಗ್ಲಿಷರು ಕೆಳಗಿನದಕ್ಕಷ್ಟೇ ‘ಕರ್ನಾಟಿಕ್’ ಎಂಬ ಪಟ್ಟ ಕಟ್ಟಿದರು. ಆದ್ದರಿಂದ, ಹೆಸರು ನಮ್ಮದು, ಯುದ್ಧ ನಮ್ಮದಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಅವರ ಮಾತೂ ಅರ್ಧ ಸತ್ಯ. ಯುದ್ಧಭೂಮಿ ನಮ್ಮದಲ್ಲದಿದ್ದರೂ ಆ ಯುದ್ಧಗಳ ಬಿಲ್ಲು ಶ್ರೀರಂಗಪಟ್ಟಣದ ಬಾಗಿಲಿಗೆ ಬಂತು. ಅದರ ಕಥೆಯನ್ನು ಮುಂದೆ ಹೇಳುತ್ತೇನೆ.

ಮೊದಲ ಯುದ್ಧ ನಿಜವಾಗಿಯೂ ಯೂರೋಪಿನದು. ಆಸ್ಟ್ರಿಯದ ಸಿಂಹಾಸನಕ್ಕೆ ಯಾರು ಬರಬೇಕೆಂಬ ಜಗಳದಲ್ಲಿ ಇಂಗ್ಲೆಂಡು ಒಂದು ಕಡೆ, ಫ್ರಾನ್ಸು ಇನ್ನೊಂದು ಕಡೆ. ಅದರ ಕಿಡಿ ಕೋರಮಂಡಲ ತೀರಕ್ಕೂ ಹಾರಿ, 1746ರ ಸೆಪ್ಟೆಂಬರಿನಲ್ಲಿ ಲಾ ಬೂರ್ಡೊನೆ ಎಂಬ ಫ್ರೆಂಚ್ ನಾಯಕ ಮದರಾಸನ್ನು ಹಿಡಿದ. ನೆಲದ ಒಡೆಯನಾದ ಆರ್ಕಾಟಿನ ನವಾಬ ಅನ್ವರುದ್ದೀನನಿಗೆ ಊರನ್ನು ಒಪ್ಪಿಸುವುದಾಗಿ ಪಾಂಡಿಚೇರಿಯ ಗವರ್ನರ್ ಡೂಪ್ಲೆ ಮಾತು ಕೊಟ್ಟಿದ್ದ, ಒಪ್ಪಿಸಲಿಲ್ಲ. ನವಾಬನ ಮಗ ಮಹಫೂಜ್ ಖಾನನು ದೊಡ್ಡ ದಂಡಿನೊಡನೆ ಬಂದಾಗ, ಅಡಯಾರು ನದಿಯ ದಂಡೆಯಲ್ಲಿ ಫ್ರೆಂಚರ ಸುಮಾರು ಸಾವಿರ ಜನ ಆ ದಂಡನ್ನು ಚದುರಿಸಿಬಿಟ್ಟರು. ಆ ಸಾವಿರದಲ್ಲಿ ಹೆಚ್ಚಿನವರು ಈ ದೇಶದವರೇ ಆದ ಸಿಪಾಯಿಗಳೆಂಬುದನ್ನು ಮರೆಯಬಾರದು. ಕವಾಯತು ಕಲಿತ, ಸಾಲಾಗಿ ನಿಂತು ತಪ್ಪದೆ ಗುಂಡು ಹಾರಿಸುವ ಕಾಲಾಳು ಎಂತಹ ವಸ್ತುವೆಂಬುದು ಅಂದು ದಕ್ಷಿಣದ ದರಬಾರುಗಳಿಗೆಲ್ಲ ತಿಳಿಯಿತು. ಎರಡು ವರ್ಷದ ಮೇಲೆ ಯೂರೋಪಿನಲ್ಲಿ ಸಂಧಿಯಾಯಿತು. ಕೆನಡಾದ ತೀರದಲ್ಲಿ ಇಂಗ್ಲಿಷರು ಹಿಡಿದಿದ್ದ ಲೂಯಿಬರ್ಗ್ ಎಂಬ ಕೋಟೆಯನ್ನು ಫ್ರೆಂಚರಿಗೆ ಹಿಂದಿರುಗಿಸಿ, ಅದಕ್ಕೆ ಬದಲಾಗಿ ಮದರಾಸನ್ನು ಇಂಗ್ಲಿಷರು ಪಡೆದರು. ಚದುರಂಗದ ಮಣೆಯ ಮೇಲೆ ಕಾಯಿ ಬದಲಾಯಿಸಿದಷ್ಟೇ ಸಲೀಸಾಗಿ ಊರು ಕೈ ಬದಲಾಯಿತು. ಆರ್ಕಾಟಿನ ನವಾಬನನ್ನು ಯಾರೂ ಕೇಳಲಿಲ್ಲ.

ಇಲ್ಲಿಗೇ ಕಥೆ ಮುಗಿದಿದ್ದರೆ ಕೋಣ-ಗಿಡದ ಗಾದೆಗೆ ನನ್ನ ಆಕ್ಷೇಪವಿರುತ್ತಿರಲಿಲ್ಲ. ಎರಡನೆಯ ಯುದ್ಧದ ವಿಷಯವೇ ಬೇರೆ. 1749ರಲ್ಲಿ ಅದು ಪ್ರಾರಂಭವಾದಾಗ ಯೂರೋಪಿನಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ಶಾಂತಿಯಿತ್ತು. ಜಗಳ ನಮ್ಮವರದು. ಹೈದರಾಬಾದಿನ ನಿಜಾಮುಲ್ ಮುಲ್ಕ್ 1748ರಲ್ಲಿ ತೀರಿಕೊಂಡ. ಮಗ ನಾಸಿರ್ ಜಂಗನಿಗೂ ಮಗಳ ಮಗ ಮುಜಫರ್ ಜಂಗನಿಗೂ ಗಾದಿಯ ವ್ಯಾಜ್ಯ ಹುಟ್ಟಿತು. ಆರ್ಕಾಟಿನಲ್ಲಿ ಅನ್ವರುದ್ದೀನನಿಗೂ ಮರಾಠರ ಸೆರೆಯಿಂದ ಬಿಡುಗಡೆಯಾಗಿ ಬಂದ ಚಂದಾಸಾಹೇಬನಿಗೂ ವ್ಯಾಜ್ಯ. ಒಂದು ಕಡೆಯವರು ಪಾಂಡಿಚೇರಿಗೆ ಹೋಗಿ ಸೈನ್ಯ ಕೇಳಿದರು, ಇನ್ನೊಂದು ಕಡೆಯವರು ಮದರಾಸಿನವರನ್ನು ಕೇಳಿದರು. ಆಂಬೂರಿನ ಕದನದಲ್ಲಿ ಅನ್ವರುದ್ದೀನ ಸತ್ತ. ಅವನ ಮಗ ಮಹಮ್ಮದಾಲಿ ತಿರುಚಿನಾಪಳ್ಳಿಯ ಕೋಟೆ ಸೇರಿಕೊಂಡ. ನಾಸಿರ್ ಜಂಗ್, ಮುಜಫರ್ ಜಂಗ್ ಇಬ್ಬರೂ ಒಬ್ಬರ ಹಿಂದೊಬ್ಬರು ಕೊಲೆಯಾದರು. 1752ರಲ್ಲಿ ಚಂದಾಸಾಹೇಬನ ತಲೆಯೂ ಉರುಳಿತು. ಗಾದಿಗೆ ಬಡಿದಾಡಿದ ನಾಲ್ವರೂ ಹೋದರು. ಸೈನ್ಯ ಬಾಡಿಗೆಗೆ ಕೊಟ್ಟ ಎರಡು ಅಂಗಡಿಗಳು ಉಳಿದವು.

ಅಂಗಡಿ ಎಂಬ ಮಾತನ್ನು ತಿಳಿದೇ ಬಳಸಿದ್ದೇನೆ. ಎರಡೂ ಕಂಪನಿಗಳು ವ್ಯಾಪಾರಕ್ಕಾಗಿ ಹುಟ್ಟಿದವು. ಸೈನ್ಯವೂ ಒಂದು ಸರಕೆಂಬುದನ್ನು ಡೂಪ್ಲೆ ಕಂಡುಕೊಂಡ, ಇಂಗ್ಲಿಷರು ಅವನಿಂದ ಕಲಿತರು. ಈ ಸರಕಿನ ವಿಶೇಷವೇನೆಂದರೆ ಅದನ್ನು ರೊಕ್ಕ ಕೊಟ್ಟು ಕೊಳ್ಳುವ ಶಕ್ತಿ ಯಾವ ನವಾಬನಿಗೂ ಇರಲಿಲ್ಲ. ಸಾಲವಾಗಿ ಕೊಳ್ಳಬೇಕು, ಸಾಲಕ್ಕೆ ಸೀಮೆಯ ಕಂದಾಯವನ್ನು ಬರೆದುಕೊಡಬೇಕು. ಹೈದರಾಬಾದಿನಲ್ಲಿ ಸಲಾಬತ್ ಜಂಗನನ್ನು ಗಾದಿಯ ಮೇಲೆ ಕೂರಿಸಿದ ಬುಸ್ಸಿ, ತನ್ನ ಸೈನಿಕರ ಸಂಬಳಕ್ಕೆಂದು 1753ರಲ್ಲಿ ಉತ್ತರ ಸರ್ಕಾರಗಳೆಂಬ ನಾಲ್ಕು ತೆಲುಗು ಸೀಮೆಗಳನ್ನೇ ಬರೆಸಿಕೊಂಡ. ಮಹಮ್ಮದಾಲಿ 1763ರಲ್ಲಿ ಚೆಂಗಲ್ಪಟ್ಟಿನ ಸುತ್ತಲ ಸೀಮೆಯನ್ನು ಇಂಗ್ಲಿಷರಿಗೆ ಜಾಗೀರಾಗಿ ಕೊಟ್ಟ. ಒಂದು ಸೀಮೆಯ ಕಂದಾಯ ಕಂಪನಿಗೆ ಹೋದಮೇಲೆ ನವಾಬನ ಆದಾಯ ಕುಗ್ಗುತ್ತದೆ. ಆದಾಯ ಕುಗ್ಗಿದರೆ ಹೊಸ ಸಾಲ ಬೇಕು. ಹೊಸ ಸಾಲಕ್ಕೆ ಇನ್ನೊಂದು ಸೀಮೆ ಬೇಕು. ಸಾಲದ ಬಡ್ಡಿಗೆ ಹೊಲವನ್ನೂ, ಉಳಿದ ಬಡ್ಡಿಗೆ ಎತ್ತನ್ನೂ ಬಿಟ್ಟುಕೊಟ್ಟ ರೈತನ ಕಥೆ ನಮ್ಮ ಹಳ್ಳಿಗಳಲ್ಲಿ ಯಾರಿಗೆ ಗೊತ್ತಿಲ್ಲ? ನವಾಬರು ಅದೇ ಕಥೆಯನ್ನು ಸೀಮೆ ಸೀಮೆಗಳನ್ನಿಟ್ಟು ಆಡಿದರು. ಪುಸ್ತಕಗಳಲ್ಲಿ ನಾವು ಓದುವುದಾದರೋ ಆರ್ಕಾಟಿನ ಕೋಟೆಯಲ್ಲಿ ಕ್ಲೈವ್ ಐವತ್ತು ದಿವಸ ಮುತ್ತಿಗೆಯನ್ನು ತಡೆದುಕೊಂಡ ಸಾಹಸ. ಆ ಐವತ್ತು ದಿವಸದ ಖರ್ಚು ಯಾರ ಲೆಕ್ಕಕ್ಕೆ ಬಿತ್ತೆಂದು ಕೇಳುವವರು ಕಡಿಮೆ.

ಈಗ ಮೈಸೂರಿನ ಮಾತು. ಇಮ್ಮಡಿ ಕೃಷ್ಣರಾಜ ಒಡೆಯರು ಹೆಸರಿಗೆ ಅರಸರು. ಅಧಿಕಾರವೆಲ್ಲ ದಳವಾಯಿ ದೇವರಾಜಯ್ಯ ಮತ್ತು ಅವನ ತಮ್ಮ, ಸರ್ವಾಧಿಕಾರಿ ಕರಾಚೂರಿ ನಂಜರಾಜಯ್ಯ ಇವರದು. ತಿರುಚಿನಾಪಳ್ಳಿಯಲ್ಲಿ ಸಿಕ್ಕಿಬಿದ್ದಿದ್ದ ಮಹಮ್ಮದಾಲಿ ನಂಜರಾಜಯ್ಯನಿಗೆ ಗುಟ್ಟಾಗಿ ಒಂದು ಆಸೆ ತೋರಿಸಿದ: ನನ್ನನ್ನು ಉಳಿಸಿಕೊಟ್ಟರೆ ತಿರುಚಿನಾಪಳ್ಳಿಯನ್ನೂ ಅದಕ್ಕೆ ಸೇರಿದ ಸೀಮೆಯನ್ನೂ ಮೈಸೂರಿಗೆ ಬಿಟ್ಟುಕೊಡುತ್ತೇನೆ. 1752ರ ಆರಂಭದಲ್ಲಿ ಮೈಸೂರಿನ ದಂಡು ಘಟ್ಟವಿಳಿಯಿತು. ಗುತ್ತಿಯ ಮುರಾರಿರಾಯನ ಮರಾಠಾ ಕುದುರೆಗಳಿಗೂ ಮೈಸೂರೇ ಸಂಬಳ ಕೊಟ್ಟು ಜೊತೆಗೆ ಕರೆದೊಯ್ದಿತು. ಚಂದಾಸಾಹೇಬ ಸತ್ತ, ಮಹಮ್ಮದಾಲಿ ಉಳಿದುಕೊಂಡ, ಕೋಟೆಯನ್ನು ಕೊಡಿರೆಂದು ನಂಜರಾಜಯ್ಯ ಕೇಳಿದ. ಇಂದು, ನಾಳೆ, ಎರಡು ತಿಂಗಳಾಗಲಿ ಎಂಬ ಉತ್ತರ ಬಂತೇ ಹೊರತು ಕೋಟೆ ಬರಲಿಲ್ಲ. ಇಂಗ್ಲಿಷರು ನವಾಬನ ಪಕ್ಕದಲ್ಲಿ ಗಟ್ಟಿಯಾಗಿ ನಿಂತರು. ನವಾಬನ ಕೈ ತಪ್ಪಿದರೆ ಅವನ ಸಾಲವೂ ತಪ್ಪುತ್ತದಲ್ಲವೆ?

ವಂಚನೆ ತಿಳಿದ ಮೇಲೆ ಮನೆಗೆ ಹಿಂದಿರುಗುವುದು ವಿವೇಕ. ನಂಜರಾಜಯ್ಯ ಹಟಕ್ಕೆ ಬಿದ್ದು ಫ್ರೆಂಚರ ಪಕ್ಷ ಸೇರಿ, 1755ರವರೆಗೆ ಕಾವೇರಿಯ ಕೆಳದಂಡೆಯಲ್ಲಿ ದಂಡು ಹೂಡಿ ಕುಳಿತ. ಮೂರು ವರ್ಷದ ಸಂಬಳ, ಮೂರು ವರ್ಷದ ದವಸ, ಮರಾಠರಿಗೆ ಕೂಲಿ, ಫ್ರೆಂಚರಿಗೆ ನೆರವು ಇಷ್ಟೂ ಮೈಸೂರಿನ ಬೊಕ್ಕಸದಿಂದ ಹೋಯಿತು. ಆ ವೇಳೆಗೆ ಡೂಪ್ಲೆಯನ್ನು ಪ್ಯಾರಿಸಿನವರು ಹಿಂದಕ್ಕೆ ಕರೆಸಿಕೊಂಡಿದ್ದರು. ಎರಡು ಕಂಪನಿಗಳೂ ತಾತ್ಕಾಲಿಕವಾಗಿ ರಾಜಿಯಾದವು. ಮೈಸೂರಿನ ಪಾಲಿಗೆ ಏನು ಬಂತು? ತಿರುಚಿನಾಪಳ್ಳಿಯ ಒಂದು ಕಲ್ಲೂ ಬರಲಿಲ್ಲ.

ಬಂದದ್ದು ಬೇರೆ. 1755ರಲ್ಲಿ ಸಲಾಬತ್ ಜಂಗ್ ಬಾಕಿ ಕಪ್ಪವನ್ನು ಕೇಳಿಕೊಂಡು ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ಅವನ ಜೊತೆಯಲ್ಲಿದ್ದವರು ಯಾರು? ಬುಸ್ಸಿಯೂ ಅವನ ಫ್ರೆಂಚ್ ಪಟಾಲಮುಗಳೂ! ತಿರುಚಿನಾಪಳ್ಳಿಯಲ್ಲಿ ಮೈಸೂರಿನ ಮಿತ್ರರಾಗಿದ್ದ ಅದೇ ಫ್ರೆಂಚರು, ಶ್ರೀರಂಗಪಟ್ಟಣದಲ್ಲಿ ಮೈಸೂರಿನ ಕೊರಳಿಗೆ ಕೈ ಹಾಕಿದವನ ಬೆಂಬಲಿಗರು. ದಂಡೆಲ್ಲ ಘಟ್ಟದ ಕೆಳಗಿದ್ದಾಗ ದೇವರಾಜಯ್ಯ ಮಾಡುವುದೇನು? ಐವತ್ತಾರು ಲಕ್ಷ ರೂಪಾಯಿ ಕೊಡಲು ಒಪ್ಪಿದ. ಬೊಕ್ಕಸ ಬರಿದಾಗಿತ್ತು. ದೇವಾಲಯಗಳ ಬೆಳ್ಳಿಬಂಗಾರದ ಪಾತ್ರೆ ಪದಾರ್ಥಗಳೂ ಅರಮನೆಯ ಒಡವೆಗಳೂ ಹೊರಬಂದವು. ಅದೂ ಸಾಲದೆ, ಉಳಿದ ಹಣಕ್ಕೆ ಸಾಹುಕಾರರನ್ನು ಹೊಣೆಯಾಗಿ ಕೊಟ್ಟರು. ಎರಡು ವರ್ಷ ಕಳೆಯುವುದರೊಳಗೆ, 1757ರಲ್ಲಿ, ಪೇಶ್ವೆ ಬಾಲಾಜಿರಾಯ ಬಂದ. ಅವನಿಗೆ ಮೂವತ್ತೆರಡು ಲಕ್ಷ. ಕೈಯಲ್ಲಿ ಹಣವಿಲ್ಲದೆ ತಾಲ್ಲೂಕುಗಳನ್ನೇ ಒತ್ತೆ ಇಟ್ಟರು. ಸಂಬಳ ಕಾಣದ ಸಿಪಾಯಿಗಳು ಮರುವರ್ಷ ನಂಜರಾಜಯ್ಯನ ಬಾಗಿಲಲ್ಲಿ ಧರಣಿ ಕುಳಿತು, ಮನೆಯೊಳಕ್ಕೆ ಅನ್ನ ನೀರು ಹೋಗದಂತೆ ತಡೆದರು. ಆ ಗಲಭೆಯನ್ನು ಇತ್ಯರ್ಥ ಮಾಡಿದವನು, ತಿರುಚಿನಾಪಳ್ಳಿಯ ರಣರಂಗದಲ್ಲೇ ಬೆಳೆದು ದಿಂಡಿಗಲ್ಲಿನ ಫೌಜುದಾರನಾಗಿದ್ದ ಹೈದರಾಲಿ. ಇನ್ನು ಮೂರು ವರ್ಷಕ್ಕೆ, 1761ರಲ್ಲಿ, ರಾಜ್ಯವೇ ಅವನ ಕೈಯಲ್ಲಿತ್ತು.

ಹೈದರನ ಏಳಿಗೆಯನ್ನು ಅವನ ಶೌರ್ಯದಿಂದ ವಿವರಿಸುವವರಿದ್ದಾರೆ, ಅವನ ಕುಟಿಲತೆಯಿಂದ ವಿವರಿಸುವವರೂ ಇದ್ದಾರೆ. ಎರಡೂ ಇರಲಿ. ಆದರೆ ಬರಿದಾದ ಬೊಕ್ಕಸವನ್ನೂ ಧರಣಿ ಕುಳಿತ ಸೈನ್ಯವನ್ನೂ ಬಿಟ್ಟು ಆ ಏಳಿಗೆಯನ್ನು ವಿವರಿಸುವುದು, ಬರಗಾಲವನ್ನು ಹೇಳದೆ ಗುಳೆ ಹೋದವರ ಕಥೆ ಹೇಳಿದಂತೆ. ಒಡೆಯರ ದೊರೆತನ ಕುಸಿದದ್ದು ತಿರುಚಿನಾಪಳ್ಳಿಯ ಆಸೆಯಲ್ಲಿ.

ಕನ್ನಡದ ಅಧ್ಯಾಪಕನಾಗಿ ಇಲ್ಲಿ ಒಂದು ಮಾತನ್ನು ಸೇರಿಸದೆ ಇರಲಾರೆ. ಈ ನಂಜರಾಜಯ್ಯ ಸಾಮಾನ್ಯನಲ್ಲ. ನಮ್ಮ ಸಾಹಿತ್ಯ ಚರಿತ್ರೆಯಲ್ಲಿ ಅವನು ಕಳಲೆಯ ನಂಜರಾಜನೆಂದು ಪ್ರಸಿದ್ಧ. ಕನ್ನಡ ಗದ್ಯದಲ್ಲಿ ಶಿವಮಹಿಮೆಯ ಗ್ರಂಥಗಳನ್ನೂ ಸಂಸ್ಕೃತದಲ್ಲಿ ಸಂಗೀತ ಗಂಗಾಧರವನ್ನೂ ಬರೆದವನು. ಅವನನ್ನೇ ನಾಯಕನಾಗಿಟ್ಟುಕೊಂಡು ನೃಸಿಂಹ ಕವಿ ‘ನಂಜರಾಜಯಶೋಭೂಷಣ’ವೆಂಬ ಅಲಂಕಾರ ಗ್ರಂಥವನ್ನು ರಚಿಸಿದ. ನಾವು ತರಗತಿಯಲ್ಲಿ ಇಷ್ಟನ್ನು ಹೇಳಿ, ಕವಿಪೋಷಕನೆಂದು ಹೊಗಳಿ, ಮುಂದಿನ ಪುಟಕ್ಕೆ ಹೋಗುತ್ತೇವೆ. ಇತಿಹಾಸದ ಅಧ್ಯಾಪಕರು ಪಕ್ಕದ ಕೊಠಡಿಯಲ್ಲಿ ಅದೇ ಮನುಷ್ಯನನ್ನು ತಿರುಚಿನಾಪಳ್ಳಿಯ ಮುತ್ತಿಗೆಯ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ಯಶಸ್ಸಿನ ಭೂಷಣ ಒಂದು ಕೊಠಡಿಯಲ್ಲಿ, ದೇವರ ಭೂಷಣ ಕರಗಿದ ಲೆಕ್ಕ ಇನ್ನೊಂದು ಕೊಠಡಿಯಲ್ಲಿ. ನಡುವಣ ಗೋಡೆಯನ್ನು ಒಡೆಯುವ ಕೆಲಸ ಯಾರದು?

ಪಾಂಡಿಚೇರಿಯಲ್ಲಿ ಡೂಪ್ಲೆಯ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ದಿನಚರಿ ಬರೆದಿಟ್ಟ. ಯಾವ ಹಡಗು ಬಂತು, ಯಾರು ಯಾರಿಗೆ ಎಷ್ಟು ನಜರು ಕೊಟ್ಟರು, ಗವರ್ನರನ ಹೆಂಡತಿ ಯಾರ ಮೇಲೆ ಸಿಡುಕಿದಳು ಎಲ್ಲವೂ ಅದರಲ್ಲಿದೆ. ಅದರ ಇಂಗ್ಲಿಷ್ ಅನುವಾದವೇ ಹನ್ನೆರಡು ಸಂಪುಟ. ಅವನು ಮಹಾಕವಿಯಲ್ಲ, ವ್ಯಾಪಾರಿ. ಆದರೆ ಆ ಕಾಲದ ನಿಜವನ್ನು ತಿಳಿಯಬೇಕಾದವರು ಇಂದು ಅವನ ಬಾಗಿಲಿಗೆ ಹೋಗಬೇಕು. ಕನ್ನಡದಲ್ಲಿ ಹೈದರನ ಕಾಲವನ್ನು ನೇರವಾಗಿ ಹೇಳುವ ‘ಹೈದರ್ ನಾಮೆ’ ಬಂದದ್ದು 1784ರಲ್ಲಿ. ಅಂತಹ ಗದ್ಯವನ್ನು ಸಾಹಿತ್ಯವೆಂದು ಓದಿಸುವ ಔದಾರ್ಯ ನಮಗಿನ್ನೂ ಬಂದಿಲ್ಲ.

ಇನ್ನು ಗೆದ್ದ ನವಾಬನ ಗತಿಯೇನಾಯಿತು? ಮೂರನೆಯ ಯುದ್ಧದಲ್ಲಿ ಲಾಲಿ ಮದರಾಸಿನ ಮುಂದೆ ವಿಫಲನಾದ. 1760ರ ಜನವರಿ 22ರಂದು ವಾಂಡಿವಾಷಿನಲ್ಲಿ ಐರ್ ಕೂಟನಿಗೆ ಸೋತ. ಮರುವರ್ಷ ಪಾಂಡಿಚೇರಿ ಬಿದ್ದಾಗ ಇಂಗ್ಲಿಷರು ಅದರ ಕೋಟೆಯನ್ನು ನೆಲಸಮ ಮಾಡಿದರು. 1763ರ ಪ್ಯಾರಿಸ್ ಸಂಧಿಯಲ್ಲಿ ಇಂಗ್ಲೆಂಡು ಫ್ರಾನ್ಸುಗಳೆರಡೂ ಮಹಮ್ಮದಾಲಿಯನ್ನು ಕರ್ನಾಟಿಕ್ಕಿನ ನ್ಯಾಯವಾದ ನವಾಬನೆಂದೂ ಸಲಾಬತ್ ಜಂಗನನ್ನು ದಖ್ಖನಿನ ನ್ಯಾಯವಾದ ಸುಬೇದಾರನೆಂದೂ ಒಪ್ಪಿಕೊಂಡವು. ಪ್ಯಾರಿಸಿನಲ್ಲಿ ಆ ವಾಕ್ಯಕ್ಕೆ ರುಜು ಬೀಳುವಾಗ ಸಲಾಬತ್ ಜಂಗ್ ತನ್ನ ತಮ್ಮನಿಂದಲೇ ಪದಚ್ಯುತನಾಗಿ ಬೀದರಿನ ಕೋಟೆಯಲ್ಲಿ ಸೆರೆಯಾಳಾಗಿದ್ದ. ಅದೇ ವರ್ಷ ಅಲ್ಲೇ ಸತ್ತ. ನಮ್ಮ ರಾಜರು ಯಾರೆಂಬುದನ್ನು ನಿರ್ಣಯಿಸುವ ಹಕ್ಕು ಸಾವಿರಾರು ಮೈಲಿ ದೂರದ ಊರಿಗೆ ಹೋಗಿತ್ತು. ಆ ಊರಿಗೆ ನಮ್ಮ ರಾಜರು ಎಲ್ಲಿದ್ದಾರೆಂಬುದೂ ತಿಳಿದಿರಲಿಲ್ಲ.

ಮಹಮ್ಮದಾಲಿ ಮದರಾಸಿನ ಚೇಪಾಕಿನಲ್ಲಿ ಅರಮನೆ ಕಟ್ಟಿಕೊಂಡು, ಕಂಪನಿಯ ನೌಕರರಿಂದಲೇ ಖಾಸಗಿಯಾಗಿ ನೂರಕ್ಕೆ ಇಪ್ಪತ್ತು, ಇಪ್ಪತ್ತೈದರ ಬಡ್ಡಿಗೆ ಸಾಲ ತೆಗೆದು ಬಾಳಿದ. ಆ ಸಾಲದ ಬಲೆ ಎಷ್ಟು ಬಿಗಿಯಾಯಿತೆಂದರೆ, ತಂಜಾವೂರಿನ ಕಂದಾಯ ಸಾಲಗಾರರಿಗೆ ಸೇರಬೇಕೋ ಅಲ್ಲಿನ ರಾಜನಿಗೆ ಸೇರಬೇಕೋ ಎಂಬ ಜಗಳದಲ್ಲಿ 1776ರಲ್ಲಿ ಮದರಾಸಿನ ಗವರ್ನರ್ ಪಿಗಟನನ್ನೇ ಅವನ ಕೌನ್ಸಿಲಿನವರು ಸೆರೆ ಹಿಡಿದರು. ಮರುವರ್ಷ ಅವನು ಸೆರೆಯಲ್ಲೇ ಸತ್ತ. 1785ರಲ್ಲಿ ಎಡ್ಮಂಡ್ ಬರ್ಕ್ ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಈ ಸಾಲಗಳ ವಿಷಯ ತೆಗೆದು ಗುಡುಗಿದ. ಗುಡುಗಿತು, ಮಳೆ ಬರಲಿಲ್ಲ. 1799ರಲ್ಲಿ ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದಲ್ಲಿ ದೊರೆತ ಕಾಗದಗಳ ನೆಪ ಹೇಳಿ, ನವಾಬನ ಮನೆತನ ಟಿಪ್ಪುವಿನೊಡನೆ ಒಳಸಂಚು ನಡೆಸಿತ್ತೆಂದು ವೆಲ್ಲೆಸ್ಲಿ ಆಪಾದಿಸಿದ. 1801ರಲ್ಲಿ ಕರ್ನಾಟಿಕ್ ಕಂಪನಿಯ ಸೊತ್ತಾಯಿತು. ಮೈಸೂರಿಗೆ ಮೋಸ ಮಾಡಿ ಉಳಿಸಿಕೊಂಡ ರಾಜ್ಯ, ಮೈಸೂರಿನ ಕಾಗದದ ನೆಪದಲ್ಲಿ ಹೋಯಿತು.

ಮೈಸೂರಿನ ಗತಿಯೂ ಬೇರೆಯಾಗಲಿಲ್ಲ. 1799ರ ಒಪ್ಪಂದದಂತೆ ಕಂಪನಿಯ ಸೈನ್ಯದ ಖರ್ಚಿಗೆಂದು ವರ್ಷಕ್ಕೆ ಏಳು ಲಕ್ಷ ವರಹ ಕೊಡಬೇಕಾಯಿತು. ಆ ಹಣಕ್ಕೆ ಅಪಾಯ ಬಂದೀತೆಂದು ತೋರಿದರೆ ರಾಜ್ಯವನ್ನೇ ವಹಿಸಿಕೊಳ್ಳಬಹುದೆಂಬ ಮಾತೂ ಒಪ್ಪಂದದಲ್ಲಿತ್ತು. 1831ರಲ್ಲಿ ನಗರದ ರೈತರ ದಂಗೆಯ ತರುವಾಯ ಆ ಮಾತನ್ನೇ ಹಿಡಿದು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವನ್ನು ಕಿತ್ತುಕೊಂಡರು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ ನಡೆಯಿತು. 1881ರಲ್ಲಿ ರಾಜ್ಯ ಹಿಂದಿರುಗಿದಾಗಲೂ ಕಾಣಿಕೆ ತಪ್ಪಲಿಲ್ಲ. ಡೂಪ್ಲೆಯ ಅಂಗಡಿಯಲ್ಲಿ ಮೊದಲು ಮಾರಾಟಕ್ಕೆ ಬಂದ ಸರಕಿನ ಕಂತನ್ನು ಮೈಸೂರಿನ ಒಕ್ಕಲು ಇಪ್ಪತ್ತನೆಯ ಶತಮಾನದಲ್ಲಿಯೂ ಕಟ್ಟುತ್ತಿದ್ದ.

ಇಷ್ಟು ಹೇಳಿದರೂ, ‘ಫ್ರೆಂಚರು ಗೆದ್ದಿದ್ದರೆ ನಮ್ಮ ಹಣೆಬರಹ ಬೇರೆಯಿರುತ್ತಿತ್ತು, ಅವರು ರಸಿಕರು, ಕ್ರಾಂತಿಯನ್ನು ಕಂಡವರು’ ಎಂದು ಹಲುಬುವವರು ನಮ್ಮಲ್ಲಿದ್ದಾರೆ. ಅವರಿಗೆ ಐವತ್ತಾರು ಲಕ್ಷದ ಲೆಕ್ಕವನ್ನು ತೋರಿಸಿದರೆ ಸಾಕು. ಸಾಲದಿದ್ದರೆ ಇನ್ನೊಂದಿದೆ. 1779ರಲ್ಲಿ ಇಂಗ್ಲಿಷರು ಮಲಬಾರಿನ ಮಾಹೆಯನ್ನು ಫ್ರೆಂಚರಿಂದ ಕಿತ್ತುಕೊಂಡದ್ದು, ಹೈದರನು ಮರುವರ್ಷ ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೊರಡಲು ಒಂದು ಕಾರಣವಾಯಿತು. 1783ರಲ್ಲಿ ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿದ್ದಾಗ ಯೂರೋಪಿನಲ್ಲಿ ಸಂಧಿಯಾದ ಸುದ್ದಿ ಬಂತು. ಅವನ ಜೊತೆಯಲ್ಲಿದ್ದ ಫ್ರೆಂಚ್ ಪಡೆ ಅವನನ್ನು ಅಲ್ಲಿಯೇ ಬಿಟ್ಟು ಹೊರಟುಹೋಯಿತು. 1788ರಲ್ಲಿ ಟಿಪ್ಪುವಿನ ರಾಯಭಾರಿಗಳು ಪ್ಯಾರಿಸಿಗೆ ಹೋಗಿ ಬಂದರು. ಸತ್ಕಾರ ದೊರೆಯಿತು, ಸೈನ್ಯ ದೊರೆಯಲಿಲ್ಲ. ಫ್ರೆಂಚ್ ಆಳ್ವಿಕೆಯ ರುಚಿ ಹೇಗಿತ್ತೆಂದು ಆಲ್ಜೀರಿಯದವರನ್ನು ಕೇಳಬಹುದು, ವಿಯೆಟ್ನಾಮಿನವರನ್ನು ಕೇಳಬಹುದು. ಇಂಗ್ಲಿಷರು ಹೋಗಿ ಏಳು ವರ್ಷವಾದ ಮೇಲೆ, 1954ರ ನವೆಂಬರಿನಲ್ಲಿ, ಫ್ರೆಂಚರು ಪಾಂಡಿಚೇರಿಯನ್ನು ಬಿಟ್ಟುಕೊಟ್ಟರು. ಸಾಹುಕಾರರಲ್ಲಿ ನಗುಮುಖದವನು, ಗಂಟುಮುಖದವನು ಎಂಬ ಭೇದವುಂಟು; ಪತ್ರ ಬರೆಸಿಕೊಳ್ಳುವುದರಲ್ಲಿ ಭೇದವಿಲ್ಲ.

ದೇಶದ ದೊರೆಗಳನ್ನು ಹಳಿಯುವುದರಿಂದ ಪರಕೀಯರ ಪಾಪ ಹಗುರವಾಗುತ್ತದೆಂದು ಕೆಲವರು ಆಕ್ಷೇಪಿಸಬಹುದು. ಹಗುರವಾಗುವುದಿಲ್ಲ. ಕಳ್ಳನಿಗೆ ಕದ ತೆರೆದವನು ತಪ್ಪಿತಸ್ಥನಾದ ಮಾತ್ರಕ್ಕೆ ಕಳ್ಳ ಸಾಧುವಾಗುವುದಿಲ್ಲ. ಕದ ತೆರೆದದ್ದು ಹೇಗೆಂದು ತಿಳಿಯದ ಮನೆಯವರು ಮಾತ್ರ ಮತ್ತೆ ತೆರೆದಾರು. ಬಲಿಷ್ಠ ರಾಷ್ಟ್ರಗಳು ಇಂದಿಗೂ ಬಡ ರಾಷ್ಟ್ರಗಳಿಗೆ ಒಂದು ಕೈಯಲ್ಲಿ ಆಯುಧವನ್ನೂ ಇನ್ನೊಂದು ಕೈಯಲ್ಲಿ ಸಾಲವನ್ನೂ ಕೊಡುತ್ತಿವೆ. ನೆರೆಹೊರೆಯವರ ವ್ಯಾಜ್ಯಕ್ಕೆ ದೂರದವರನ್ನು ಕರೆಯುವ ಚಪಲವೂ ಲೋಕದಲ್ಲಿ ತೀರಿಲ್ಲ. ಹೀಗಿರುವಾಗ ನಮ್ಮ ಮಕ್ಕಳಿಗೆ ನಾವು ಕೊಡುವ ಇತಿಹಾಸ ಕ್ಲೈವನೆಂಬ ಸಾಹಸಿ, ಡೂಪ್ಲೆಯೆಂಬ ಚತುರ, ಮೂರು ಯುದ್ಧ, ಮೂರು ಸಂಧಿ, ಇಷ್ಟೇ ಆದರೆ ಅದು ಗಿಳಿಪಾಠ.

ನಾನು ಕೇಳುವುದು ದೊಡ್ಡದೇನಲ್ಲ. ‘ಕರ್ನಾಟಕ ಯುದ್ಧ’ಗಳ ಪಾಠ ಹೇಳುವಾಗ ತಿರುಚಿನಾಪಳ್ಳಿಯಿಂದ ಶ್ರೀರಂಗಪಟ್ಟಣದವರೆಗಿನ ದಾರಿಯನ್ನೂ ಹೇಳಲಿ, ಯಾರು ಗೆದ್ದರೆಂಬ ಪ್ರಶ್ನೆಯ ಕೆಳಗೆ, ಸಂಬಳ ಕೊಟ್ಟವರು ಯಾರು, ಯಾವ ಸೀಮೆಯ ಕಂದಾಯದಿಂದ ಕೊಟ್ಟರು ಎಂಬ ಇನ್ನೆರಡು ಪ್ರಶ್ನೆಗಳನ್ನು ಸೇರಿಸಲಿ. ಕಳಲೆಯ ನಂಜರಾಜನನ್ನು ಓದಿಸುವ ನಾವು, ಅವನ ಗ್ರಂಥಗಳ ಪಟ್ಟಿಯ ಪಕ್ಕದಲ್ಲಿ ಅವನು ಬರಿದು ಮಾಡಿದ ಬೊಕ್ಕಸವನ್ನೂ ಒಂದು ಸಾಲು ಬರೆಸೋಣ. ಹುಡುಗರು ಜಾಣರು, ಉಳಿದದ್ದನ್ನು ಅವರೇ ಕೇಳುತ್ತಾರೆ.